ಒತ್ತಕ್ಷರ ಕೈಕೊಟ್ಟಾಗ

ಡಿಟಿಪಿ ಅಂಗಡಿ ನಡೆಸುವ ಅಕ್ಕನಿಗೂ ಊರಿನ ಕಂಪ್ಯೂಟರುಗಳನ್ನು ರಿಪೇರಿ ಮಾಡುವ ತಮ್ಮನಿಗೂ ಆಯುಧಪೂಜೆಯ ಬೆಳಿಗ್ಗೆ ನಡೆದ ಮಾತುಕತೆ ಇದು. ಇಬ್ಬರೂ ಒಡಹುಟ್ಟಿದವರಲ್ಲ, ಅಂಗಡಿ ಬೀದಿಯ ಬಳಕೆಯಲ್ಲಿ ಅಕ್ಕ-ತಮ್ಮ ಆದವರು. ಹಿಂದಿನ ಸಂಜೆ ಹಬ್ಬಕ್ಕೆಂದು ಶುಚಿ ಮಾಡುವಾಗ ಕೀಬೋರ್ಡಿನೊಳಗೆ ನೀರಿಳಿದಿತ್ತು.

ಅಕ್ಕ: ಬಾ ತಮ್ಮ, ಹಬ್ಬದ ದಿನವೇ ಕರೆಸಿದೆ, ಬೇಜಾರು ಮಾಡ್ಕೋಬೇಡ. ನಿನ್ನೆ "ಕನ್ನಡ" ಅಂತ ಹೊಡೆದರೆ "ಕನನಡ" ಅಂತ ಬಂತು. ಒತ್ತಕ್ಷರವೇ ಬೀಳ್ತಿಲ್ಲ. ಸಂಘದವರ ರಾಜ್ಯೋತ್ಸವದ ಆಹ್ವಾನಪತ್ರಿಕೆ ಬೇರೆ ಕೈಯಲ್ಲಿದೆ.

ತಮ್ಮ: ನೀವು ನುಡಿ ತಂತ್ರಾಂಶದಲ್ಲಿ ಹೊಡೆಯೋರು, ಅಂದ್ರೆ ಕೆ. ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸ. ಅದರಲ್ಲಿ ಒತ್ತು ಕೂಡಿಸೋದು ಎಫ್ ಕೀ. ಅದೊಂದು ಹೋದರೆ ಒತ್ತಕ್ಷರ ಅಷ್ಟೂ ಹೋಯ್ತು. ಕೀಬೋರ್ಡಿನ ಮೇಲೆ ಏನಾದ್ರೂ ಚೆಲ್ಲಿತಾ?

ಅಕ್ಕ: ಚೆಲ್ಲಿದ್ದಲ್ಲಪ್ಪ, ಒರೆಸಿದ್ದು. ಪೂಜೆಗೆ ಎಲ್ಲ ಥಳಥಳ ಅನ್ನಬೇಕು ಅಂತ ಹುಡುಗನಿಗೆ ಹೇಳಿದ್ದೆ. ಅವನು ಕಿಟಕಿ ಗಾಜು ಒರೆಸೋ ನೀಲಿ ದ್ರಾವಣ ತಂದು ಕೀಗಳ ಮೇಲೇ ಚುಸ್ ಚುಸ್ ಅಂತ ಹೊಡೆದಿದ್ದಾನೆ. ಕೊಳೆ ಹೋಯ್ತು, ಜೊತೆಗೆ ಎಫ್ ಕೂಡ ಹೋಯ್ತು.

ತಮ್ಮ: ಅದರ ದೀಪ ಇನ್ನೂ ಉರೀತಿದೆಯಲ್ಲ! ಮೊದಲು ವಯರ್ ಕೀಳಿ. ಮಾತು ಆಮೇಲೆ.

ಅಕ್ಕ: ಇಗೋ, ಕಿತ್ತೆ. ಆದರೆ ಮೇಲೆಲ್ಲ ಒಣಗಿದೆ ಕಣೋ, ಮುಟ್ಟಿ ನೋಡು. ಈಗ ಬರುತ್ತೆ, ಆಗ ಬರುತ್ತೆ ಅಂತ ಬಾಗಿಲು ಹಾಕೋವರೆಗೂ ಅವನು ಕುಟ್ಟಿ ನೋಡ್ತಾನೇ ಇದ್ದ. ಬೆಳಿಗ್ಗೆ ಬಂದು ನೋಡಿದರೆ ಆರ್, ಟಿ, ಜಿ, ವಿ, ಬಿ ಕೂಡ ಇಲ್ಲ. ರಾಜ್ಯೋತ್ಸವದಲ್ಲಿ ರಾ ಇಲ್ಲ, ತ ಇಲ್ಲ, ವ ಇಲ್ಲ. ಇನ್ನೇನು ಉತ್ಸವ!

ತಮ್ಮ: ಅಂಕಿಗಳಲ್ಲಿ 4, 5 ಕೂಡ ಬರ್ತಿಲ್ಲ, ಅಲ್ವಾ?

ಅಕ್ಕ: ಹೌದು! ಒತ್ತಿ ನೋಡದೇ ಹ್ಯಾಗೆ ಹೇಳಿದೆ?

ತಮ್ಮ: ಇದರಲ್ಲಿ 104 ಕೀ ಇವೆ. ಒಂದೊಂದಕ್ಕೂ ಬೇರೆ ಬೇರೆ ವಯರ್ ಎಳೆಯಲ್ಲ. ಅಡ್ಡಕ್ಕೆ 8, ಉದ್ದಕ್ಕೆ 18, ಒಟ್ಟು 26ರ ಆಸುಪಾಸು ಗೆರೆಗಳು. ಒಂದು ಅಡ್ಡಗೆರೆ, ಒಂದು ಉದ್ದಗೆರೆ ಸಂಧಿಸೋ ಕಡೆ ಒಂದು ಕೀ. ಒಳಗಿರೋ ಚಿಪ್ಪು ಗೆರೆಗಳನ್ನು ಒಂದಾದ ಮೇಲೊಂದು ತಟ್ಟಿ, ಎಲ್ಲಿ ಎರಡು ಕೂಡಿವೆ ಅಂತ ನೋಡ್ತಾ ಇರುತ್ತೆ. ಎಷ್ಟೋ ಕೀಬೋರ್ಡ್‌ಗಳಲ್ಲಿ 4, 5, ಆರ್, ಟಿ, ಎಫ್, ಜಿ, ವಿ, ಬಿ ಈ ಎಂಟೂ ಒಂದೇ ಗೆರೆಯ ಮೇಲೆ ಕೂತಿರುತ್ತವೆ. ಒಂದೇ ಕೀ ಹೋದರೆ ಆ ಕೀ ಬುಡದಲ್ಲಿ ಕೊಳೆ. ಹೀಗೆ ಎಂಟಕ್ಕೆ ಎಂಟೂ ಹೋದರೆ ಒಂದು ಗೆರೆಗೇ ಏಟು.

ಅಕ್ಕ: ಅಂದ್ರೆ ಕಾಯಿಲೆ ಜೋರಾಯ್ತು ಅಂತಾಯ್ತು.

ತಮ್ಮ: ಒಂದು ಲೆಕ್ಕಕ್ಕೆ ಒಳ್ಳೇದೇ. ಎಂಟು ಕಡೆ ಹುಡುಕೋ ಬದಲು ಒಂದೇ ಕಡೆ ಹುಡುಕಿದರಾಯ್ತು. ಆದರೆ ರಾತ್ರಿ ವಯರ್ ಕಿತ್ತಿದ್ದರೆ ಎಫ್ ಒಂದರಲ್ಲೇ ಮುಗೀತಿತ್ತು.

ಅಕ್ಕ: ಅದು ಹ್ಯಾಗೆ? ಒದ್ದೆ ಆಗಿದ್ದು ಆಗಿಹೋಯ್ತು. ವಯರ್ ಇದ್ದರೇನು, ಕಿತ್ತರೇನು?

ತಮ್ಮ: ಎಲ್ಲ ಇರೋದು ಅಲ್ಲೇ ಅಕ್ಕ. ಬರೀ ನೀರು ಕೀಬೋರ್ಡನ್ನು ಅಷ್ಟು ಬೇಗ ಕೊಲ್ಲಲ್ಲ. ನೀರಿರುವಾಗ ಕರೆಂಟ್ ಹರಿದರೆ ಕೊಲ್ಲುತ್ತೆ. ಕಂಪ್ಯೂಟರಿಂದ ಯುಎಸ್‌ಬಿ ವಯರ್‌ನಲ್ಲಿ 5 ವೋಲ್ಟ್ ಬರುತ್ತೆ. ನೀರನ್ನು ಒಡೆದು ಜಲಜನಕ, ಆಮ್ಲಜನಕ ಮಾಡೋಕೆ 1.23 ವೋಲ್ಟ್ ಸಾಕು. ಒಳಗಿನ ಗೆರೆಗಳನ್ನು ಬೆಳ್ಳಿ ಕಣ ಬೆರೆಸಿದ ಶಾಯಿಯಲ್ಲಿ ಅಚ್ಚು ಹಾಕಿರುತ್ತಾರೆ. ತೇವ, ಉಪ್ಪಿನಂಶ, ವೋಲ್ಟೇಜು ಮೂರೂ ಸೇರಿದರೆ ಆ ಬೆಳ್ಳಿ ಒಂದು ಕಡೆ ಕರಗಿ ಇನ್ನೊಂದು ಕಡೆ ಹೋಗಿ ಎಳೆ ಎಳೆಯಾಗಿ ಬೆಳೆಯುತ್ತೆ. ಕರಗಿದ ಕಡೆ ಗೆರೆ ತುಂಡಾಗುತ್ತೆ. ಬೆಳೆದ ಕಡೆ ಪಕ್ಕದ ಗೆರೆಗೆ ತಾಗಿ, ಒತ್ತದ ಕೀಯೂ ಒತ್ತಿದ ಹಾಗೆ ಕಾಣುತ್ತೆ. ನಿಮ್ಮ ಹುಡುಗ ಪರೀಕ್ಷೆ ಮಾಡ್ತಾ ಇದ್ದಷ್ಟು ಹೊತ್ತೂ ಒಳಗೆ ಇದಕ್ಕೆಲ್ಲ ಅವಕಾಶ ಸಿಕ್ತು.

ಅಕ್ಕ: ಪಾಪ, ಸರಿಹೋಯ್ತಾ ಅಂತ ನೋಡೋಕೆ ಹೋಗಿ ಕೆಡಿಸಿದ.

ತಮ್ಮ: ಎಲ್ಲರೂ ಅದನ್ನೇ ಮಾಡೋದು. ವಯರ್ ಇಲ್ಲದ ಕೀಬೋರ್ಡ್ ಆಗಿದ್ದರೆ ಸೆಲ್ಲು ತೆಗೀಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು.

ಅಕ್ಕ: ಕೀಗಳ ಸಂದಿ ಕೂದಲೆಳೆಯಷ್ಟಿದೆ. ಅಷ್ಟರಲ್ಲಿ ಇದು ಒಳಗಿಳಿದದ್ದಾದರೂ ಹ್ಯಾಗೆ?

ತಮ್ಮ: ಕೊಳೆ ತೆಗೆಯೋ ದ್ರಾವಣದ ಗುಣವೇ ಅದು. ನೀರಿನ ಹನಿ ದುಂಡಗೆ ನಿಲ್ಲೋಕೆ ಮೇಲ್ಮೈ ಎಳೆತ ಕಾರಣ. ಸೋಪಿನಂಥ ಪದಾರ್ಥ ಬೆರೆತರೆ ಆ ಎಳೆತ ಕುಗ್ಗಿ, ಹನಿ ಚಪ್ಪಟೆಯಾಗಿ ಹರಡಿ, ಸಂದಿ ಸಿಕ್ಕ ಕಡೆ ನುಗ್ಗುತ್ತೆ. ಒಳಗೆ ಒಂದರ ಮೇಲೊಂದು ಮೂರು ಪ್ಲಾಸ್ಟಿಕ್ ಹಾಳೆ. ಮೇಲಿನದರಲ್ಲೂ ಕೆಳಗಿನದರಲ್ಲೂ ಗೆರೆ, ನಡುವಿನದರಲ್ಲಿ ಕೀ ಇರೋ ಕಡೆ ತೂತು. ಕೀ ಒತ್ತಿದಾಗ ಮೇಲಿನ ಗೆರೆ ಆ ತೂತಿನ ಮೂಲಕ ಕೆಳಗಿನದನ್ನು ಮುಟ್ಟಬೇಕು. ಹಾಳೆಗಳ ಮಧ್ಯೆ ಒಂದು ಹನಿ ಸೇರಿದರೆ, ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ ಆ ಸಂದಿ ಅದನ್ನು ಉದ್ದಕ್ಕೂ ಎಳೆದುಕೊಳ್ಳುತ್ತೆ. ಅಲ್ಲಿಗೆ ಗಾಳಿ ಹೋಗಲ್ಲ. ಮೇಲೆ ಒಣಗಿ ದಿನ ಕಳೆದರೂ ಒಳಗೆ ಹಸಿಯಾಗೇ ಇರಬಹುದು. ನೀವು ಮುಟ್ಟಿ ನೋಡಿದ್ದು ಮೇಲುಗಡೆ ಮಾತ್ರ.

ಅಕ್ಕ: ಸರಿ, ಈಗ ಏನು ಮಾಡ್ತೀಯ?

ತಮ್ಮ: ಬಿಚ್ಚಿ ತೊಳೀತೀನಿ.

ಅಕ್ಕ: ಏನಂದೆ? ಇಷ್ಟು ಹೊತ್ತು ನೀರಿಂದ ಕೆಟ್ಟಿತು ಅಂತ ಪಾಠ ಮಾಡಿ, ಈಗ ತೊಳೀತೀಯಾ?

ತಮ್ಮ: ಕರೆಂಟ್ ಇಲ್ಲದಾಗ, ಶುದ್ಧ ನೀರಲ್ಲಿ, ಪೂರ್ತಿ ಒಣಗೋಕೆ ಬಿಟ್ಟರೆ ತೊಳೆಯೋದರಿಂದ ಏನೂ ಆಗಲ್ಲ. ಕಾರ್ಖಾನೆಗಳಲ್ಲಿ ಬೆಸುಗೆ ಹಾಕಿದ ಸರ್ಕ್ಯೂಟ್ ಬೋರ್ಡುಗಳನ್ನೂ ಲವಣ ತೆಗೆದ ನೀರಲ್ಲಿ ತೊಳೆಯೋದುಂಟು. ನಿಮ್ಮ ದ್ರಾವಣದಲ್ಲಿ ನೀರು ಆರಿದರೂ ಸೋಪಿನಂಶ, ಬಣ್ಣ ಒಳಗೇ ಉಳಿಯುತ್ತೆ. ಗಾಳಿಯಲ್ಲಿ ತೇವ ಹೆಚ್ಚಾದಾಗ ಆ ಪದರ ಮತ್ತೆ ಹಸಿಯಾಗುತ್ತೆ. ಅದನ್ನು ತೆಗೆಯದೆ ಬರೀ ಒಣಗಿಸಿದರೆ ಇವತ್ತು ನಡೆದು ಮಳೆಗಾಲದಲ್ಲಿ ಕೈಕೊಡುತ್ತೆ.

ಅಕ್ಕ: ಯಾವ ನೀರಲ್ಲಿ ತೊಳೀತೀಯ? ನಮ್ಮದು ಬೋರ್‌ವೆಲ್ ನೀರು, ಬಕೆಟ್ಟಿಗೆಲ್ಲ ಬಿಳಿ ಕರೆ ಕಟ್ಟುತ್ತೆ.

ತಮ್ಮ: ಅದು ಬೇಡವೇ ಬೇಡ. ಆ ಬಿಳಿ ಕರೆಯೇ ಲವಣ, ಕರೆಂಟ್ ಹರಿಯೋಕೆ ಅದೇ ದಾರಿ. ನಿಮ್ಮ ಇನ್ವರ್ಟರ್ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಕ್ಯಾನ್ ಇದೆಯಲ್ಲ, ಅದನ್ನು ಕೊಡಿ. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್, ನಾವು ಐಪಿಎ ಅಂತೀವಿ. ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಯಲ್ಲಿ 99 ಪರ್ಸೆಂಟಿನದು ಸಿಗುತ್ತೆ. ಅದು ನೀರಿನ ಜೊತೆ ಚೆನ್ನಾಗಿ ಬೆರೆಯುತ್ತೆ, ಸಂದಿಯಲ್ಲಿರೋ ತೇವವನ್ನು ಎಳೆದುಕೊಂಡು ತಾನೂ ಬೇಗ ಆರಿಹೋಗುತ್ತೆ. 70 ಪರ್ಸೆಂಟಿನದು ಚರ್ಮ ಒರೆಸೋಕೆ ಸರಿ. ಅದರಲ್ಲಿ ಉಳಿದ 30 ನೀರೇ ತಾನೇ?

ಅಕ್ಕ: ಕೋವಿಡ್ ಕಾಲದ ಸ್ಯಾನಿಟೈಸರ್ ಡಬ್ಬ ಇನ್ನೂ ಇದೆ. ಅದೂ ಆಲ್ಕೋಹಾಲೇ ಅಲ್ವಾ?

ತಮ್ಮ: ಆಲ್ಕೋಹಾಲ್ ಇದೆ, ಜೊತೆಗೆ ಗ್ಲಿಸರಿನ್ನೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸೂತ್ರದಲ್ಲೇ ಕೈ ಒಣಗದಿರಲಿ ಅಂತ 1.45 ಪರ್ಸೆಂಟ್ ಗ್ಲಿಸರಿನ್ ಸೇರಿಸಿದ್ದಾರೆ. ಚರ್ಮಕ್ಕೆ ಅದು ಹಿತ, ಕೀಬೋರ್ಡಿಗೆ ಅಂಟು. ಆರಿ ಹೋಗಲ್ಲ, ಸಾಲದ್ದಕ್ಕೆ ಗಾಳಿಯ ತೇವ ಹೀರುತ್ತೆ. ಸರ್ಜಿಕಲ್ ಸ್ಪಿರಿಟ್‌ನ ಕೆಲವು ಬಗೆಗಳಲ್ಲಿ ಹರಳೆಣ್ಣೆ ಬೆರೆತಿರುತ್ತೆ, ಅದೂ ಬೇಡ. ಉಗುರು ಬಣ್ಣ ತೆಗೆಯೋ ದ್ರಾವಣವನ್ನಂತೂ ಹತ್ತಿರ ತರಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಕೀ ಮಾಡಿರೋ ಎಬಿಎಸ್ ಪ್ಲಾಸ್ಟಿಕ್ಕೇ ಕರಗಿ ಅಂಟಂಟಾಗುತ್ತೆ.

ಅಕ್ಕ: ಸರಿ, ಇಲ್ಲೇ ಬಿಚ್ಚು. ಪೂಜೆ ಸಾಮಾನು ಆ ಕಡೆ ಸರಿಸ್ತೀನಿ.

ತಮ್ಮ: ಬೇಡ, ನಾನೇ ಹಿಂದಿನ ಕೋಣೆಗೆ ಹೋಗ್ತೀನಿ. ನೀವು ದೀಪ ಹಚ್ಚಿದ್ದೀರಿ, ಊದುಬತ್ತಿ ಉರೀತಿದೆ. ಐಪಿಎ ಬರೀ 12 ಡಿಗ್ರಿ ಬಿಸಿಗೇ ಹೊತ್ತಿಕೊಳ್ಳೋವಷ್ಟು ಆವಿ ಬಿಡುತ್ತೆ. ನಮ್ಮೂರಲ್ಲಿ ಚಳಿಗಾಲದ ರಾತ್ರಿಯೂ ಅದಕ್ಕಿಂತ ಬೆಚ್ಚಗಿರುತ್ತೆ. ಕಿಟಕಿ ತೆಗೆದು, ಬೆಂಕಿಯಿಂದ ದೂರ ಕೂತು ಮಾಡಬೇಕಾದ ಕೆಲಸ ಇದು.

ಅಕ್ಕ: ನಡಿ, ನಾನೂ ಬರ್ತೀನಿ. ಕಲಿತುಕೊಂಡರೆ ಮುಂದಿನ ಸಲ ನಿನ್ನ ಕಾಯೋದು ತಪ್ಪುತ್ತೆ.

ತಮ್ಮ: ಮೊದಲು ಮೊಬೈಲಲ್ಲಿ ಕೀಬೋರ್ಡಿನ ಫೋಟೊ ತೆಗೀರಿ. ಕಣ್ಣು ಮುಚ್ಚಿ ಹೊಡೆಯೋರಿಗೂ ಕೀಗಳನ್ನು ಕಿತ್ತ ಮೇಲೆ ಯಾವುದು ಎಲ್ಲಿತ್ತು ಅನ್ನೋದು ಗೊತ್ತಾಗಲ್ಲ. ಈಗ ತಿರುವಿ ಹಾಕಿ ಸ್ಕ್ರೂ ಬಿಚ್ಚಬೇಕು. ಎಲ್ಲ ಬಿಚ್ಚಿದ ಮೇಲೂ ಮುಚ್ಚಳ ಏಳದಿದ್ದರೆ ಬಲ ಹಾಕಬೇಡಿ, ಸ್ಟಿಕ್ಕರ್ ಅಡಿಯಲ್ಲಿ ಇನ್ನೊಂದು ಸ್ಕ್ರೂ ಅಡಗಿರುತ್ತೆ. ಸ್ಪೇಸ್ ಬಾರ್ ಕೆಳಗೆ ಒಂದು ಕಂಬಿ ಇದೆ, ಅದನ್ನು ಜೋರಾಗಿ ಎಳೆದರೆ ಕೊಕ್ಕೆ ಮುರಿಯುತ್ತೆ. ಇದು ರಬ್ಬರ್ ಹಾಳೆ. ಈ ಸಣ್ಣ ಗುಬುಟುಗಳೇ ಕೀಯನ್ನು ಮತ್ತೆ ಮೇಲಕ್ಕೆ ಒದೆಯೋದು. ಕೀಗಳನ್ನೂ ಇದನ್ನೂ ಸೋಪು ನೀರಲ್ಲಿ ತೊಳೆದರೂ ಪರವಾಗಿಲ್ಲ, ಇವುಗಳಲ್ಲಿ ಗೆರೆ ಇಲ್ಲ.

ಅಕ್ಕ: ಅಬ್ಬಾ, ಅಡಿಯಲ್ಲಿ ಎಷ್ಟು ಕೂದಲು, ಎಷ್ಟು ಕುಂಕುಮ! ಹೋದ ವರ್ಷದ ಪೂಜೆಯದೂ ಇಲ್ಲೇ ಇದೆ.

ತಮ್ಮ: ಕುಂಕುಮ, ಅರಿಶಿನ ಎರಡನ್ನೂ ಮೊದಲು ಒಣ ಬ್ರಷ್ಷಲ್ಲಿ ಝಾಡಿಸಬೇಕು. ಅರಿಶಿನದ ಬಣ್ಣ ನೀರಲ್ಲಿ ಅಷ್ಟಾಗಿ ಕರಗಲ್ಲ, ಆಲ್ಕೋಹಾಲಲ್ಲಿ ಚೆನ್ನಾಗಿ ಕರಗುತ್ತೆ. ಝಾಡಿಸದೆ ಐಪಿಎ ಹಾಕಿ ಒರೆಸಿದರೆ ಚುಕ್ಕೆ ಇದ್ದದ್ದು ಕೀ ಪೂರ್ತಿ ಹಳದಿ ಆಗುತ್ತೆ. ಇನ್ನು ಈ ಮೂರು ಹಾಳೆ ನೋಡಿ. ಬಿಡಿ ಬಿಡಿಯಾಗಿ ಬಂದರೆ ಬಿಡಿಸಬಹುದು. ಅಂಟಿಸಿದ್ದರೆ ಕೀಳೋಕೆ ಹೋಗಬಾರದು, ಗೆರೆಯೂ ಕಿತ್ತು ಬರುತ್ತೆ. ಇದು ಬಿಡಿಯಾಗಿದೆ, ನಿಮ್ಮ ಪುಣ್ಯ.

ಅಕ್ಕ: ಗೆರೆ ಎಲ್ಲೂ ಕಪ್ಪಾದ ಹಾಗೆ ಕಾಣ್ತಿಲ್ಲವಲ್ಲ.

ತಮ್ಮ: ಈ ತುದಿ ನೋಡಿ. ಹಾಳೆಯ ನಾಲಗೆ ಇಲ್ಲಿ ಬಂದು ಸಣ್ಣ ಹಸಿರು ಬೋರ್ಡಿನ ಮೇಲೆ ಕೂತಿದೆ. ಬೆಸುಗೆ ಇಲ್ಲ, ಒಂದು ರಬ್ಬರ್ ಪಟ್ಟಿ, ಅದರ ಮೇಲೊಂದು ತಗಡು, ಸ್ಕ್ರೂ ಬಿಗಿದು ಒತ್ತಿ ಹಿಡಿದಿದ್ದಾರೆ. ಅಲ್ಲೇ ನೀಲಿ ಕರೆ ಕಟ್ಟಿದೆ. ನಿಮ್ಮ ಎಂಟು ಕೀಗಳ ಗೆರೆ ಹೊರಗೆ ಬರೋ ಬಾಗಿಲೇ ಮುಚ್ಚಿಹೋಗಿದೆ. ಗೆರೆ ತುಂಡಾಗಿದ್ದರೆ ಬೆಳ್ಳಿ ಶಾಯಿಯ ಪೆನ್ನಲ್ಲಿ ತೇಪೆ ಹಾಕಬೇಕಿತ್ತು, ಅದು ಎಷ್ಟು ದಿನ ನಿಲ್ಲುತ್ತೋ ಹೇಳೋಕಾಗಲ್ಲ. ಇದು ಒರೆಸಿದರೆ ಹೋಗೋ ಕರೆ.

ಅಕ್ಕ: ಕೊಡು, ನಾನೇ ಉಜ್ಜಿ ತೆಗೀತೀನಿ.

ತಮ್ಮ: ಉಜ್ಜಬೇಡಿ! ಶಾಯಿಯೇ ಎದ್ದು ಬರುತ್ತೆ. ಮೊದಲು ಡಿಸ್ಟಿಲ್ಡ್ ವಾಟರ್, ಆಮೇಲೆ ಐಪಿಎ. ಹತ್ತಿಕಡ್ಡಿಯನ್ನು ಅದ್ದಿ, ಕರೆಯ ಮೇಲೆ ಒತ್ತಿ ಹಿಡಿದು, ಎತ್ತಬೇಕು. ಮತ್ತೆ ಹೊಸ ಕಡ್ಡಿ. ಕಡ್ಡಿ ಬೆಳ್ಳಗೆ ಬರೋವರೆಗೂ ಅಷ್ಟೇ ಕೆಲಸ.

ಅಕ್ಕ: ಒಣಗಿಸೋದು? ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ನೀರು ಎಳೆಯುತ್ತೆ ಅಂತಾರೆ. ಇಲ್ಲಾಂದ್ರೆ ಮಗಳ ಹೇರ್ ಡ್ರೈಯರ್ ಇದೆ, ತಾರಸಿಯಲ್ಲಿ ಬಿಸಿಲೂ ಇದೆ.

ತಮ್ಮ: ಅಕ್ಕಿಯನ್ನು ಅನ್ನಕ್ಕೇ ಇಟ್ಟುಕೊಳ್ಳಿ. ಬಿಚ್ಚಿಟ್ಟ ಹಾಳೆಗೆ ಗಾಳಿ ಆಡಿದರೆ ಅಕ್ಕಿಗಿಂತ ಬೇಗ ಒಣಗುತ್ತೆ. ಒದ್ದೆಯಾದ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ, ಸಣ್ಣ ಕಣ ಒಳಗೆ ಸೇರಿ ಕೆಡಬಹುದು ಅಂತ 2024ರಲ್ಲಿ ಆಪಲ್ ಕಂಪನಿಯೇ ಹೇಳಿತು. ಹೇರ್ ಡ್ರೈಯರ್ ಬಿಸಿಗೆ ಪ್ಲಾಸ್ಟಿಕ್ ಹಾಳೆ ಸೊಟ್ಟಗಾಗುತ್ತೆ, ಮೇಲಿಂದ ಊದಿದರೆ ನೀರು ಇನ್ನೂ ಒಳಕ್ಕೆ ಹೋಗುತ್ತೆ. ಕಡು ಬಿಸಿಲಿಗೆ ಕೀಗಳ ಬಣ್ಣ ಮಾಸುತ್ತೆ. ನೆರಳಲ್ಲಿ, ಫ್ಯಾನ್ ಕೆಳಗೆ, ಬಿಡಿ ಬಿಡಿಯಾಗಿ ಹರಡಿ ಒಂದು ಪೂರ್ತಿ ದಿನ ಬಿಡಿ. ಬಿಚ್ಚೋಕಾಗದ ಕೀಬೋರ್ಡ್ ಆಗಿದ್ದರೆ ಬೋರಲು ಹಾಕಿ ಎರಡು ಮೂರು ದಿನ.

ಅಕ್ಕ: ಹಾಗಾದರೆ ಇವತ್ತಿನ ಪೂಜೆಗೆ ಇದು ಹೀಗೇ ತುಂಡು ತುಂಡಾಗಿ ಕೂರುತ್ತಾ?

ತಮ್ಮ: ಕೂರಲಿ. ಆಯುಧಪೂಜೆ ದಿನ ಆಯುಧಕ್ಕೆ ಕೆಲಸ ಹೇಳಬಾರದು ತಾನೇ? ಒಣಗೋದಕ್ಕೆ ಇದಕ್ಕಿಂತ ಒಳ್ಳೇ ದಿನ ಸಿಗಲ್ಲ. ಕರೆಂಟ್ ಇಲ್ಲದ ಯಂತ್ರಕ್ಕೂ ದೇವರ ಆಶೀರ್ವಾದ ತಪ್ಪಲ್ಲ.

ಅಕ್ಕ: ಅದಿರಲಿ, ಒಂದು ಮಾತು ಕೇಳ್ತೀನಿ. ಇಂಥದೇ ಹೊಸ ಕೀಬೋರ್ಡ್ ನಾನೂರು ಐನೂರು ರೂಪಾಯಿಗೆ ಸಿಗುತ್ತೆ. ಇಷ್ಟೆಲ್ಲ ಒದ್ದಾಟ ಯಾಕೆ?

ತಮ್ಮ: ಲೆಕ್ಕ ಹಾಕಿದರೆ ನೀವು ಹೇಳೋದೇ ಸರಿ. ನನ್ನ ಕೂಲಿ, ಐಪಿಎ ಬಾಟಲಿ ಎರಡೂ ಸೇರಿದರೆ ಹೊಸದೇ ಬರುತ್ತೆ. ಅದಕ್ಕೇ ನಾನು ಎಲ್ಲರಿಗೂ ಒಂದು ಎಲ್ಲೆ ಹೇಳ್ತೀನಿ. ಅಗ್ಗದ ಕೀಬೋರ್ಡಿಗೆ ಒಂದು ಸಲ ಬಿಚ್ಚಿ, ಒರೆಸಿ, ಒಣಗಿಸಿ. ಬಂದರೆ ಬಂತು, ಬರದಿದ್ದರೆ ಬಿಡಿ. ಹಾಲು ಸಕ್ಕರೆ ಹಾಕಿದ ಕಾಫಿ ಹಾಳೆಗಳ ನಡುವೆ ಸೇರಿ ಅಂಟಿದ್ದರೆ ಆ ಒಂದು ಸಲವೂ ಬೇಡ. ಆದರೆ ಸಾವಿರಾರು ರೂಪಾಯಿಯ ಮೆಕ್ಯಾನಿಕಲ್ ಕೀಬೋರ್ಡಾದರೆ ಮಾತು ಬೇರೆ. ಅದರಲ್ಲಿ ಕೀಗೊಂದು ಬಿಡಿ ಸ್ವಿಚ್ಚು. ಕೆಟ್ಟ ಸ್ವಿಚ್ಚೊಂದನ್ನೇ ಕಿತ್ತು ಹೊಸದು ಹಾಕಬಹುದು, ಉಳಿದದ್ದೆಲ್ಲ ಉಳಿಯುತ್ತೆ.

ಅಕ್ಕ: ಮಗಳ ಲ್ಯಾಪ್‌ಟಾಪಿಗೆ ಹೀಗಾದರೆ?

ತಮ್ಮ: ಅದಕ್ಕೆ ನೀವೂ ಕೈಹಾಕಬೇಡಿ, ನಿಮ್ಮ ಹುಡುಗನೂ ಹಾಕಬಾರದು. ಲ್ಯಾಪ್‌ಟಾಪಿನಲ್ಲಿ ಕೀಬೋರ್ಡಿನ ಅಡಿಯಲ್ಲೇ ಮದರ್‌ಬೋರ್ಡ್, ಪಕ್ಕದಲ್ಲೇ ಬ್ಯಾಟರಿ. ಚಾರ್ಜರ್ ಕಿತ್ತರೂ ಒಳಗೆ ಕರೆಂಟ್ ಇದ್ದೇ ಇರುತ್ತೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಚಾರ್ಜರ್ ಕಿತ್ತು, ಬಟ್ಟೆಯ ಮೇಲೆ ಕೀಗಳು ಕೆಳಮುಖ ಆಗೋ ಹಾಗೆ ಗುಡಾರದ ಆಕಾರದಲ್ಲಿ ಬೋರಲು ನಿಲ್ಲಿಸಿ. ಮತ್ತೆ ಆನ್ ಮಾಡಿ ನೋಡಬೇಡಿ, ಹಾಗೇ ರಿಪೇರಿಗೆ ಒಯ್ಯಿರಿ. ಬಿಚ್ಚಿದ ತಕ್ಷಣ ಅವರು ಬ್ಯಾಟರಿ ಕನೆಕ್ಟರ್ ಕಳಚುತ್ತಾರೆ, ಜೀವ ಉಳಿಸೋದು ಅದೇ. ಅಂದ ಹಾಗೆ, ನೀರು ಬಿದ್ದದ್ದನ್ನು ಮುಚ್ಚಿಡೋದರಿಂದ ಲಾಭ ಇಲ್ಲ. ನೀರು ತಾಗಿದರೆ ಬಿಳಿಯಿಂದ ಕೆಂಪಾಗೋ ಸಣ್ಣ ಚೀಟಿಗಳನ್ನು ಎಷ್ಟೋ ಕಂಪನಿಗಳು ಒಳಗೆ ಅಂಟಿಸಿರುತ್ತವೆ.

ಇಲ್ಲಿಗೆ ಆ ದಿನದ ಮಾತು ನಿಂತಿತು. ವಿಜಯದಶಮಿ ಕಳೆದ ಮೇಲೆ ತಮ್ಮ ಮತ್ತೆ ಬಂದ, ಕೀಬೋರ್ಡನ್ನು ಜೋಡಿಸಿದ.

ಅಕ್ಕ: ಎಲ್ಲ ಬಂತು, ನೋಡು! ಎಫ್, ಆರ್, ಟಿ, ಜಿ... ಇದೇನೋ, ಬಿ ಮಾತ್ರ ಒಮ್ಮೆ ಬರುತ್ತೆ, ಒಮ್ಮೆ ಇಲ್ಲ.

ತಮ್ಮ: ನಾಲಗೆ ಒತ್ತಿ ಹಿಡಿಯೋ ತಗಡಿನ ಸ್ಕ್ರೂ ಇನ್ನೂ ಅರ್ಧ ಸುತ್ತು ಬೇಕು. ವಯರ್ ಕೀಳ್ತೀನಿ, ಬಿಗೀತೀನಿ... ಈಗ ಒತ್ತಿ. ಬಂತಾ? ಜೋಡಿಸಿದ ಮೇಲೆ ಕೀ ಬರದಿದ್ದರೆ ಎಷ್ಟೋ ಸಲ ಕಾರಣ ಇಷ್ಟೇ. ಇನ್ನೊಂದು ವಿಷಯ ನೆನಪಿಡಿ. ವಿಂಡೋಸ್‌ನಲ್ಲಿ ಬಲಗಡೆ ಶಿಫ್ಟ್ ಕೀ 8 ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಅನ್ನೋ ಸೌಲಭ್ಯ ಏಳುತ್ತೆ. ಅದು ಚಾಲೂ ಆದರೆ ಬೇಗ ಬೇಗ ಒತ್ತಿದ್ದನ್ನು ಕಂಪ್ಯೂಟರ್ ಲೆಕ್ಕಕ್ಕೇ ತಗೊಳ್ಳಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಶಿಫ್ಟ್ ಒತ್ತಿಹೋಗಿ ಅದು ಎದ್ದಿರುತ್ತೆ, ಕೀಬೋರ್ಡ್ ಸತ್ತಿತು ಅಂತ ಜನ ಎಸೆದೂ ಬಿಡ್ತಾರೆ. ಎಸೆಯೋ ಮೊದಲು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ ನೋಡಿ.

ಅಕ್ಕ: ನಿಜವಾಗಿ ಸತ್ತದ್ದನ್ನು ಎಲ್ಲಿ ಹಾಕಬೇಕು?

ತಮ್ಮ: ಕಸದ ಗಾಡಿಗೆ ಹಾಕಬೇಡಿ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಕಂಪ್ಯೂಟರ್ ಜೊತೆಗಿನ ಸಾಮಾನುಗಳೂ ಅದರಲ್ಲಿ ಸೇರಿವೆ. ಇ-ತ್ಯಾಜ್ಯ ತಗೊಳ್ಳೋ ಕೇಂದ್ರಕ್ಕೆ ಕೊಡಿ. ಕೊಡೋ ಮೊದಲು ಚೆನ್ನಾಗಿರೋ ಕೀಗಳನ್ನೂ ರಬ್ಬರ್ ಗುಬುಟುಗಳನ್ನೂ ತೆಗೆದಿಟ್ಟುಕೊಳ್ಳಿ, ಅದೇ ಮಾದರಿಯ ಇನ್ನೊಂದಕ್ಕೆ ಆಗುತ್ತೆ.

ಅಕ್ಕ: ಹಾಗಾದರೆ ಮುಂದಿನ ವರ್ಷ ನಮ್ಮ ಹುಡುಗ ಹ್ಯಾಗೆ ಶುಚಿ ಮಾಡಬೇಕು ಅಂತ ಒಂದು ಚೀಟಿ ಬರೆಸಿ ಗೋಡೆಗೆ ಅಂಟಿಸ್ತೀನಿ. ಹೇಳು.

ತಮ್ಮ: ಬರ್ಕೊಳ್ಳಿ. ವಯರ್ ಕಿತ್ತು ಕೀಬೋರ್ಡನ್ನು ಬೋರಲು ಹಾಕಿ ಮೆಲ್ಲಗೆ ತಟ್ಟಿ. ಸಂದಿಗಳಲ್ಲಿ ಒಣ ಬ್ರಷ್ ಆಡಿಸಿ. ಒರೆಸಲೇಬೇಕಾದರೆ ದ್ರಾವಣವನ್ನು ಬಟ್ಟೆಗೆ ಹಾಕಿ, ಹಿಂಡಿ, ಆಮೇಲೆ ಒರೆಸಿ. ಕೀಗಳ ಮೇಲೆ ನೇರವಾಗಿ ಯಾವ ದ್ರವವನ್ನೂ ಹೊಡೀಬೇಡಿ. ಅರಿಶಿನ ಕುಂಕುಮವನ್ನು ಸಿಪಿಯು ಡಬ್ಬದ ಮುಂಭಾಗಕ್ಕೆ ಹಚ್ಚಿ, ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿ ಹೂವಿಡಿ, ತೀರ್ಥವನ್ನು ನಿಮ್ಮ ತಲೆಗೆ ಪ್ರೋಕ್ಷಿಸಿಕೊಳ್ಳಿ.

ಅಕ್ಕ: ಇಷ್ಟು ಮಾಡಿಯೂ ಒದ್ದೆ ಆದರೆ?

ತಮ್ಮ: ವಯರ್ ಕೀಳಿ, ಪೂರ್ತಿ ಒಣಗೋವರೆಗೂ ಮತ್ತೆ ಚುಚ್ಚಿ ನೋಡಬೇಡಿ. ಐಪಿಎ, ಹತ್ತಿಕಡ್ಡಿ, ಬೆಳ್ಳಿ ಶಾಯಿ ಎಲ್ಲ ಆಮೇಲಿನ ಮಾತು. ಈ ಎರಡು ಕೆಲಸಕ್ಕೆ ಕಾಸು ಖರ್ಚಿಲ್ಲ, ರಿಪೇರಿಯವನೂ ಬೇಕಿಲ್ಲ. ಇವೆರಡನ್ನು ಮಾಡಿದವರ ಕೀಬೋರ್ಡನ್ನು ನಾನು ಉಳಿಸಿಕೊಡಬಹುದು. ಮಾಡದೇ ಇದ್ದವರಿಗೆ ಸಾಮಾನ್ಯವಾಗಿ ಹೊಸದು ತನ್ನಿ ಅಂತ ಹೇಳಿ ಕಳಿಸ್ತೀನಿ.